ಬಿಚ್ಚಿ ಜೋಡಿಸಿದ ಮೇಜು

ದಪ್ಪ ಹತ್ತಿಯ ಕ್ಯಾನ್ವಾಸಿಗೆ ಆರು ಸಾವಿರ. ಹಗ್ಗ ಪೋಣಿಸುವ ಹಿತ್ತಾಳೆ ಬಳೆಗಳಿಗೆ ಏಳುನೂರು. ಮೇಣದ ದಾರ, ಹಗ್ಗ, ಅಂಚಿನ ಪಟ್ಟಿ ಸೇರಿ ಇನ್ನೊಂದು ಸಾವಿರ. ಹೊಲಿಗೆಯ ಕೂಲಿ ಎರಡೂವರೆ ಸಾವಿರ. ಒಂದು ದೋಣಿಗೆ ಮೇಲುಹೊದಿಕೆ ಹೊಲಿಸಲು ಇಷ್ಟು ಬೇಕು. ಅದು ಒಂದು ಗೇಣು ಗಿಡ್ಡವಾದರೆ ಏನಾಗುತ್ತದೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕಿರಲಿಲ್ಲ.

ಧಪ್!

ಉಪ್ಪಿನ ವಾಸನೆಯ ಕ್ಯಾನ್ವಾಸ್ ಮೂಟೆಯೊಂದು ಅವಳ ಕೈಯಳತೆಯಲ್ಲೇ ಮೇಜಿನ ಮೇಲೆ ಬಂದು ಬಿತ್ತು. ಸೀಮೆಸುಣ್ಣ ಹಿಡಿದು ಬಗ್ಗಿದ್ದವಳು ಬೆಚ್ಚಿ ತಲೆಯೆತ್ತಿದಳು.

"ಒಂದು ಗೇಣು ಗಿಡ್ಡ!" ಎಂದ ಎದುರಿಗಿದ್ದವನು.

ಬಿಸಿಲಿಗೆ ಕಂದಿದ ಮುಖ, ಕೆದರಿದ ಕೂದಲು, ಅಂಗಿಯ ತೋಳಿಗೆ ಅಂಟಿದ ಮರದ ಹೊಟ್ಟು. ಬೆಳಗಿನ ಬಸ್ಸಿನಲ್ಲಿ ನಿಂತೇ ಬಂದಿದ್ದನೆಂದು ತೋರುತ್ತಿತ್ತು. ಕಣ್ಣಲ್ಲಿ ಮಾತ್ರ ದಾರಿಯುದ್ದಕ್ಕೂ ಕಾಯಿಸಿಕೊಂಡು ಬಂದ ಕೋಪ!

"ನಮ್ಮ ಕಡೆ ಮೊದಲು ನಮಸ್ಕಾರ ಅಂತಾರೆ," ಎಂದಳು ಅವಳು.

"ನಮ್ಮ ಕಡೇನೂ ಅಂತಾರೆ. ಹೊದಿಕೆ ಸರಿಯಾಗಿದ್ರೆ."

ಅಂಗಡಿಯ ಮೂಲೆಯಲ್ಲಿ ಹಿತ್ತಾಳೆ ಬಳೆ ಜೋಡಿಸುತ್ತಿದ್ದ ಅವಳ ಚಿಕ್ಕಮ್ಮ ಕಿಸಕ್ಕನೆ ನಕ್ಕಳು. ಇವಳಿಗೆ ಉರಿಯಿತು.

ಪಟ್ಟಣದ ಮುಖ್ಯರಸ್ತೆಯಲ್ಲಿ, ಬಸ್ ನಿಲ್ದಾಣಕ್ಕೆ ಎದುರಾಗಿ ಆ ಅಂಗಡಿ. ಅಂಗಡಿಗಳ ಮುಂದಿನ ನೆರಳುಹೊದಿಕೆ, ಲಾರಿಯ ಟಾರ್ಪಾಲು, ಸೀಟಿನ ಕವರು, ಏನೇ ಇರಲಿ, ಬೀದಿಯವರೆಲ್ಲ ಬರುತ್ತಿದ್ದುದು ಇಲ್ಲಿಗೇ. ಇವಳ ಹೆಸರು ಹೇಳುವವರು ಕಡಿಮೆ. ಎಲ್ಲರಿಗೂ ಇವಳು 'ಸೂಜಿಯಕ್ಕ'. ಸೂಜಿಯಕ್ಕನ ಅಳತೆ ತಪ್ಪಿತು ಎಂದು ಇದುವರೆಗೆ ಒಬ್ಬರೂ ಹೇಳಿರಲಿಲ್ಲ.

'ಇವನ್ಯಾರು, ಹೀಗೆ ಬೀದಿಗೆಲ್ಲ ಕೇಳೋ ಹಾಗೆ...!'

"ಫೋನಲ್ಲಿ ನೀವು ಹೇಳಿದ ಅಳತೆಗೇ ಕತ್ತರಿಸಿದ್ದೀನಿ," ಎಂದು ಟೇಪು ಬಿಚ್ಚಿದಳು.

ಅಳೆದಳು. ಮತ್ತೆ ಅಳೆದಳು. ಮೂಲೆಯಿಂದ ಮೂಲೆಗೂ ಎಳೆದು ನೋಡಿದಳು.

ಒಂದು ಗೇಣು ಗಿಡ್ಡ.

ಚಿಕ್ಕಮ್ಮ ಎದ್ದು ಬಂದು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿದಳು. "ಏನಪ್ಪಾ, ಇದನ್ನ ನೆನೆಸಿದ್ಯಾ?"

"ಸಮುದ್ರದ ಮೇಲೆ ಹೋಗೋ ದೋಣಿ ಅಮ್ಮಾ. ನೆನೀದೆ ಇನ್ನೇನು ಮಾಡುತ್ತೆ?"

ಅಷ್ಟರಲ್ಲಿ ಅವಳಿಗೆ ಹೊಳೆಯಿತು. ಹೊಳೆದದ್ದೇ ಕಿವಿಯವರೆಗೂ ಕೆಂಪಾದಳು. ಒಣಗಾಳಿಯ ಈ ಊರಲ್ಲಿ ಅವಳು ದಿನವೂ ಹೊಲಿಯುತ್ತಿದ್ದುದು ಪ್ಲಾಸ್ಟಿಕ್ ಹಾಳೆ. ಅದು ಮಳೆಗೂ ಒಂದೇ, ಬಿಸಿಲಿಗೂ ಒಂದೇ. ಶುದ್ಧ ಹತ್ತಿ ಹಾಗಲ್ಲ, ನೀರು ಕಂಡ ಕೂಡಲೇ ಕುಗ್ಗುತ್ತದೆ. ಮೊದಲು ನೆನೆಸಿ, ಒಣಗಿಸಿ, ಆಮೇಲೆ ಕತ್ತರಿ ಹಾಕಬೇಕು. ಲಂಗ ಹೊಲಿಯುವ ಹುಡುಗಿಗೂ ಗೊತ್ತಿರುವ ಮಾತು ಅವಳಿಗೆ ಮರೆತುಹೋಗಿತ್ತು!

"ತಪ್ಪು ನನ್ನದು," ಎಂದಳು.

ಜಗಳಕ್ಕೆಂದು ಬಂದವನಿಗೆ ಜಗಳ ಸಿಗದಿದ್ದರೆ ಮುಖವನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

"ಅಂಚಿಗೆ ಪಟ್ಟಿ ಸೇರಿಸಿ ಕೊಡ್ತೀನಿ. ಕೂಲಿ ಬೇಡ. ಆದ್ರೆ ದೋಣಿ ಮೇಲೆ ಹಾಕಿ, ಅಲ್ಲೇ ಹೊಲೀಬೇಕು. ಇನ್ನೊಂದು ಸಲ ಮುಖ ಮುರಿಸಿಕೊಳ್ಳೋಕೆ ನನ್ನ ಕೈಲಾಗಲ್ಲ."

"ಅಷ್ಟು ದೂರ ಬರ್ತೀರಾ?"

"ನೀವು ಬಯ್ಯೋಕೆ ಬಂದ್ರಲ್ಲ, ನಾನು ಹೊಲಿಯೋಕೆ ಬರಬಾರದಾ?"

ಅವನ ಮುಖದಲ್ಲಿ ಮೊದಲ ಬಾರಿಗೆ ನಗು ಇಣುಕಿತು. ಆ ನಗು ತನಗೆ ಇಷ್ಟವಾಯಿತೆಂಬುದು ಅವಳಿಗೆ ಇಷ್ಟವಾಗಲಿಲ್ಲ.

* * *

ಕಡಲ ಪಕ್ಕದ ಆ ಹಳ್ಳಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ನಡುವೆ ಏನಾದರೂ ಮರೆತಿದ್ದರೆ ಮರೆತಂತೆಯೇ. ಮರಳಿನ ದಾರಿ, ಒಂದಷ್ಟು ಮನೆ, ಒಂದು ದಿನಸಿ ಅಂಗಡಿ, ಅದರಾಚೆ ತಗಡಿನ ಮಾಡಿನ ಉದ್ದನೆಯ ಕೊಟ್ಟಿಗೆ. ಅಲ್ಲಿ ಅವನೂ ಅವನ ಅಪ್ಪನೂ ದೋಣಿ ಕಟ್ಟುತ್ತಿದ್ದರು.

ಅವಳು ಹೋದಾಗ ಒಂದು ಹೊಸ ದೋಣಿ ಅರ್ಧ ಎದ್ದು ನಿಂತಿತ್ತು. ಹಲಗೆಗಳ ನಡುವೆ ಬೆಳಕು ಕಾಣುತ್ತಿತ್ತು.

"ಇದರಲ್ಲಿ ನೀರು ಬರಲ್ವಾ?"

"ಮೊದಲ ದಿನ ಬರುತ್ತೆ. ಆಮೇಲೆ ಮರ ನೀರು ಕುಡಿದು ಹಿಗ್ಗುತ್ತೆ. ಒಂದಕ್ಕೊಂದು ಒತ್ತಿ ಕೂತ್ಕೊಳ್ಳುತ್ತೆ. ಅದನ್ನ ಲೆಕ್ಕ ಹಿಡಿದೇ ಸಂದು ಬಿಡೋದು. ಬಿಗಿಯಾಗಿ ಕಟ್ಟಿದ್ರೆ ಹಲಗೆ ಸೀಳಿಹೋಗುತ್ತೆ."

ಹೀಗೆ ಶುರುವಾದವನು ಮಧ್ಯಾಹ್ನದವರೆಗೂ ನಿಲ್ಲಿಸಲಿಲ್ಲ! ಯಾವ ಮರ ಹೊಟ್ಟೆಗೆ, ಯಾವುದು ಬೆನ್ನಿಗೆ, ಬೆಂಕಿಯ ಮೇಲೆ ಹಲಗೆ ಬಗ್ಗಿಸುವಾಗ ಅದು ಎಂಥ ಸದ್ದು ಮಾಡಿದರೆ ಸಾಕೆನ್ನಬೇಕು... ಅವಳು ದೋಣಿಯ ಅಂಚಿನಲ್ಲಿ ಕೂತು ಹೊಲಿಯುತ್ತ ಕೇಳಿದಳು. ಪಟ್ಟಣದಲ್ಲಿ ಯಾರಾದರೂ ಇಷ್ಟು ಮಾತಾಡಿದ್ದರೆ ಎದ್ದು ಹೋಗುತ್ತಿದ್ದಳು.

"ಇವನು ಮನೇಲಿ ಮಾತಾಡಲ್ಲಮ್ಮಾ," ಎಂದ ಅವನ ಅಪ್ಪ, ಉಳಿಗೆ ಸಾಣೆ ಹಿಡಿಯುತ್ತ. "ಉಪ್ಪು ಬೇಕಾದ್ರೂ ಕೈ ತೋರಿಸ್ತಾನೆ. ದೋಣಿ ವಿಷಯ ಬಂತೋ, ಮುಗೀತು, ಕಿವಿಗೆ ಹತ್ತಿ ಇಟ್ಕೋಬೇಕು."

"ಹತ್ತಿ ಇಟ್ಕೊಂಡ್ರೂ ಆಗಲ್ಲ. ನೆಂದ್ರೆ ಕುಗ್ಗುತ್ತೆ," ಎಂದಳು ಅವಳು.

ಮೂವರೂ ನಕ್ಕರು. ಬಟ್ಟೆ ಕುಗ್ಗಿದ್ದರಿಂದ ಬಂದವಳು ಆ ದಿನ ಸಂಜೆಯ ಬಸ್ಸಿಗೆ ಓಡುತ್ತ ಓಡುತ್ತ ಹಿಂತಿರುಗಿ ನೋಡಿದಳು. ಅವನು ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದ.

ಆ ಹೊದಿಕೆಯನ್ನು ನೋಡಿ ಬೇರೆ ದೋಣಿಯವರೂ ಕೇಳಿದರು. ಅವಳು ಮತ್ತೆ ಬಂದಳು. ಮತ್ತೆ, ಮತ್ತೆ. ಕೆಲವು ಸಲ ಕೆಲಸವಿತ್ತು, ಕೆಲವು ಸಲ ಕೆಲಸ ಇದೆ ಎಂದು ಚಿಕ್ಕಮ್ಮನಿಗೆ ಹೇಳಿದ್ದಳು ಅಷ್ಟೇ.

"ಆ ಊರಲ್ಲಿ ಇರೋದೆಷ್ಟು ದೋಣಿ?" ಎಂದಳು ಚಿಕ್ಕಮ್ಮ ಒಂದು ದಿನ. "ನೀನು ಹೊಲಿದ ಲೆಕ್ಕ ನೋಡಿದ್ರೆ ಅಲ್ಲಿ ಮನುಷ್ಯರಿಗಿಂತ ದೋಣಿ ಜಾಸ್ತಿ ಇರಬೇಕು."

ಅವಳು ದಾರಕ್ಕೆ ಮೇಣ ಹಚ್ಚಿದಳು.

ಪ್ರೀತಿ ಎಂದು ಬಾಯಿಬಿಟ್ಟು ಹೇಳಿದವನು ಅವನೇ. ಅದೂ ಹಗ್ಗ ಎಳೆಯುತ್ತ ಇದ್ದಾಗ. "ಆ ತುದಿ ಗಟ್ಟಿ ಹಿಡ್ಕೋ... ಬಿಡಬೇಡ... ನನಗೆ ನೀನಂದ್ರೆ ಇಷ್ಟ... ಈಗ ಸಡಿಲ ಬಿಡು." ಅವಳು ಹಗ್ಗವನ್ನೇ ಬಿಟ್ಟುಬಿಟ್ಟಳು. ಕ್ಯಾನ್ವಾಸು ಮರಳಿಗೆ ಬಿತ್ತು. "ನನಗೂ..." ಎಂದಳು. ಆಮೇಲೆ ಇಬ್ಬರೂ ಸೇರಿ ಮರಳು ಕೊಡವಿದರು.

ಎಲ್ಲ ಸರಿ. ಆದರೆ ಯಾರು ಯಾರ ಊರಿಗೆ? ಆ ಮಾತನ್ನು ಇಬ್ಬರೂ ಮುಟ್ಟಲಿಲ್ಲ. ಕುದಿಯುವ ಪಾತ್ರೆಯನ್ನು ಬಟ್ಟೆಯಿಲ್ಲದೆ ಯಾರು ಹಿಡಿಯುತ್ತಾರೆ?

* * *

ಹಿಡಿಯುವ ಕಾಲ ತಾನಾಗಿ ಬಂತು.

ಅವತ್ತು ಅವಳು ಕೊಟ್ಟಿಗೆಗೆ ಕಾಲಿಟ್ಟಾಗ ದೋಣಿಯ ಪಕ್ಕದಲ್ಲಿ ಒಂದು ಮೇಜು ನಿಂತಿತ್ತು. ಉದ್ದನೆಯ, ಅಗಲವಾದ, ಹೊಸ ಮೇಜು. ಕೈ ಇಟ್ಟರೆ ಜಾರುವಷ್ಟು ನುಣುಪು. ಅವಳು ಎದುರು ನಿಂತಳು. ಬಗ್ಗಬೇಕಾಗಲಿಲ್ಲ. ಸರಿಯಾಗಿ ಅವಳ ಸೊಂಟದ ಎತ್ತರ!

"ಯಾರಿಗೆ ಇದು?"

"ನಿನಗೇ," ಎಂದ ಅವನು. ಕಿವಿ ಕೆಂಪಾಗಿತ್ತು. "ಅಂಗಡೀಲಿ ಬಗ್ಗಿ ಬಗ್ಗಿ ಬೆನ್ನು ನೋವು ಅಂತಿದ್ಯಲ್ಲ..."

ಅವಳ ಎದೆ ತುಂಬಿ ಬರಬೇಕಿತ್ತು. ಬರುತ್ತಲೂ ಇತ್ತು. ಅಷ್ಟರಲ್ಲಿ ಅವನ ಅಪ್ಪ ಒಳಗೆ ಬಂದ.

"ನೋಡಿದ್ಯಾ ಮಗಳೇ? ಆ ಕಿಟಕಿ ಪಕ್ಕಕ್ಕೆ ಇಡಿಸೋಣ ಅಂತಿದ್ದೀನಿ. ಬೆಳಕು ಚೆನ್ನಾಗಿ ಬರುತ್ತೆ. ಇನ್ನೇನು, ನೀನು ಬಂದು ಕೂತ್ಕೊಳ್ಳೋದೊಂದೇ ಬಾಕಿ!"

ಅವಳು ಅವನ ಕಡೆ ತಿರುಗಿದಳು. "ಹೌದಾ?"

ಅವನು ಅಪ್ಪನನ್ನು ನೋಡಿದ. ಅವಳನ್ನು ನೋಡಿದ. ಮೇಜಿನ ಅಂಚನ್ನು ಉಜ್ಜತೊಡಗಿದ.

'ಓಹೋ... ಎಲ್ಲ ನಿಶ್ಚಯ ಆಗಿಹೋಗಿದೆ! ನಾನು ಎಲ್ಲಿ ಕೂರಬೇಕು, ಯಾವ ಕಿಟಕಿ ಪಕ್ಕ ಅನ್ನೋದೂ ಆಗಿದೆ. ಕೇಳೋದೊಂದು ಮಾತ್ರ ಉಳಿದಿದೆ.'

"ಮೇಜಿಗೆ ನನ್ನ ಎತ್ತರ ನೋಡಿದೆ. ನನ್ನನ್ನ ಒಂದು ಮಾತು ಕೇಳೋಕೆ ಆಗಲಿಲ್ವಾ?"

"ಅದು ಹಾಗಲ್ಲ..."

"ಮತ್ತೆ ಹೇಗೆ? ಹೇಳು!"

ಅವನು ಮತ್ತೆ ಅಪ್ಪನ ಕಡೆ ನೋಡಿದ. ಆ ನೋಟವನ್ನು ಅವಳು ಅಂಜಿಕೆ ಎಂದುಕೊಂಡಳು. ಅಂಜಿಕೆಯೇ, ಆದರೆ ಅವಳೆಣಿಸಿದ ಬಗೆಯದ್ದಲ್ಲ.

"ನನ್ನ ಚಿಕ್ಕಮ್ಮನಿಗೆ ಸೂಜಿಗೆ ದಾರ ಪೋಣಿಸೋಕೂ ಕಣ್ಣು ಕಾಣಲ್ಲ ಈಗ. ಅಮ್ಮ ಸತ್ತ ಮೇಲೆ ನನ್ನನ್ನ ಆ ಅಂಗಡಿಯ ಮೆಷಿನ್ ಕೆಳಗೆ ಮಲಗಿಸಿ ಸಾಕಿದಾಳೆ ಅವಳು. ಅದನ್ನೆಲ್ಲ ಬಿಟ್ಟು ಬಾ ಅನ್ನೋದಕ್ಕೆ ನಿಂಗೆ ಒಂದು ಮೇಜು ಸಾಕಾಯ್ತಾ?"

ಸಂಜೆಯ ಬಸ್ಸು ಬರಲು ಇನ್ನೂ ಹೊತ್ತಿತ್ತು. ಅವಳು ದಿನಸಿ ಅಂಗಡಿಯ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಳು. ಅವನು ಬಂದು ಸ್ವಲ್ಪ ದೂರದಲ್ಲಿ ನಿಂತ. ಅಂಗಡಿಯವನು, ಮೀನು ಬುಟ್ಟಿಯ ಹೆಂಗಸರು, ನಾಲ್ಕಾರು ಮುದುಕರು, ಇಡೀ ಊರೇ ಅಲ್ಲಿತ್ತು. ಊರೆದುರು ಬಾಯಿ ಬಿಡುವ ಜಾತಿಯವನಲ್ಲ ಅವನು. ಬಸ್ಸು ಬಂತು. ಹೋಯಿತು. ಬಸ್ಸಿನಲ್ಲೇ ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು.

* * *

"ಏನಂತೆ ನಿನ್ನ ದೋಣಿಯವ? ಕಾಣಿಸ್ತಿಲ್ಲ," ಎಂದು ಚಿಕ್ಕಮ್ಮ ಕೇಳಿದಳು.

"ಮುಳುಗಿದ," ಎಂದಳು ಅವಳು.

ಚಿಕ್ಕಮ್ಮ ಅವಳು ಹೊಲಿದ ಲಾರಿಯ ಟಾರ್ಪಾಲನ್ನು ತಡವಿ ನೋಡಿ ಅರ್ಧ ಹೊಲಿಗೆ ಬಿಚ್ಚಿಸಿದಳು. "ಸಿಟ್ಟಲ್ಲಿ ಹೊಲಿದದ್ದು ಗಾಳಿಗೆ ನಿಲ್ಲಲ್ಲ," ಎಂದಳಷ್ಟೇ.

ಒಂದು ಮಧ್ಯಾಹ್ನ, ಔಷಧಿ ಅಂಗಡಿಯ ನೆರಳುಹೊದಿಕೆ ಕಟ್ಟಿಸಿ ಅವಳು ವಾಪಸು ಬಂದಾಗ ಅಂಗಡಿಯೊಳಗಿಂದ ಟಕ್ ಟಕ್ ಸದ್ದು ಕೇಳಿಸಿತು. ಹಳೆಯ ಮೇಜು ಹೊರಗೆ, ಚರಂಡಿಯ ಹಲಗೆಯ ಮೇಲೆ ಬಿದ್ದಿತ್ತು. ಒಳಗೆ ಹೊಸ ಮೇಜು. ಅದರ ಕೆಳಗಿಂದ ಎರಡು ಕಾಲು ಹೊರಗೆ ಚಾಚಿದ್ದವು.

"ಚಿಕ್ಕಮ್ಮಾ! ಏನಿದು?"

"ಮುಳುಗಿದವನು ತೇಲಿದಾನೆ," ಎಂದಳು ಚಿಕ್ಕಮ್ಮ, ಟೀ ಹೀರುತ್ತ.

ಅವನು ಮರದ ಕೊಡತಿ ಹಿಡಿದು ತೆವಳಿಕೊಂಡು ಹೊರಬಂದ. ತಲೆಗೆ ಮೇಜಿನ ಅಂಚು ಬಡಿಯಿತು.

"ಒಂದು ಮೊಳೆಯೂ ಇಲ್ಲ ಇದಕ್ಕೆ," ಎಂದ, ತಲೆ ಉಜ್ಜಿಕೊಳ್ಳುತ್ತ. "ಎಲ್ಲ ಬೆಣೆ. ಬಿಚ್ಚಿ ಕಟ್ಟಿ ಬಸ್ಸಿನ ಮೇಲೆ ಹಾಕ್ಕೊಂಡು ಬಂದೆ. ದೂರಕ್ಕೆ ಹೋಗೋದು ಏನೇ ಇರಲಿ, ನಾವು ಒಂದು ಸಲ ಕೊಟ್ಟಿಗೇಲಿ ಪೂರ್ತಿ ಜೋಡಿಸಿ ನೋಡ್ತೀವಿ. ಆಮೇಲೆ ಬಿಚ್ಚಿ ಕಳಿಸ್ತೀವಿ. ಅವತ್ತು ನೀನು ನೋಡಿದ್ದು ಅದನ್ನ."

ಅವಳು ಮೇಜಿನ ಕೂಡಿಕೆಯ ಮೇಲೆ ಬೆರಳಾಡಿಸಿದಳು.

ದಿನಾ ಅವಳು ಮಾಡುವುದೂ ಅದನ್ನೇ! ಗಟ್ಟಿ ಹೊಲಿಗೆ ಹಾಕುವ ಮೊದಲು ಕಚ್ಚಾ ಹೊಲಿಗೆ ಹಾಕಿ, ಹೊದಿಸಿ ನೋಡಿ, ಬಿಚ್ಚುವುದು. ಕಚ್ಚಾ ಹೊಲಿಗೆಯನ್ನು ನೋಡಿ ಇದೇ ಕೊನೆಯದು ಎಂದು ಕೂಗಾಡುವ ಗಿರಾಕಿಗಳನ್ನು ಕಂಡು ಅವಳೂ ಚಿಕ್ಕಮ್ಮನೂ ಎಷ್ಟು ನಕ್ಕಿದ್ದಾರೋ!

"ಹಾಗಂತ ಅವತ್ತೇ ಹೇಳೋಕೆ ಏನಾಗಿತ್ತು?"

"ಅಪ್ಪನ ಎದುರಿಗೆ ಹೆಂಗೆ ಹೇಳಲಿ? ಮೇಜು ಇಲ್ಲಿಗೆ ಅಂದ್ರೆ, ಅದರ ಹಿಂದೆ ನಾನೂ ಇಲ್ಲಿಗೆ ಅಂತ ಹೇಳಬೇಕಿತ್ತು. ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ."

ಹೊರಗೆ ಬಸ್ಸೊಂದು ಉದ್ದಕ್ಕೆ ಹಾರ್ನ್ ಹಾಕಿತು.

"ಈಗ?" ಎಂದಳು ಅವಳು ಮೆಲ್ಲಗೆ.

"ಹೇಳಿದೆ. ಊಟ ಬಿಟ್ಟು ಎದ್ದು ಹೋದ್ರು. ಇನ್ನೂ ಮಾತಾಡಿಲ್ಲ." ಅವನು ಕೊಡತಿಯನ್ನು ಚೀಲಕ್ಕೆ ಹಾಕಿದ. "ಹಿಂದಿನ ಬೀದಿಯ ಫರ್ನಿಚರ್ ಅಂಗಡೀಲಿ ಕೆಲಸ ಸಿಕ್ಕಿದೆ. ಸೋಮವಾರದಿಂದ."

ಅವಳು ಅಳುತ್ತ ನಕ್ಕಳು. ನಗುತ್ತ ಅತ್ತಳು. ಚಿಕ್ಕಮ್ಮ ಟೀ ಲೋಟ ಕೆಳಗಿಟ್ಟು, "ಸರಿ, ಮೊದಲು ಆ ಬ್ಲಾಕ್ ತೆಗಿ," ಎಂದಳು.

* * *

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬದುಕು ಮೇಜಿನಂತಲ್ಲ. ಜೋಡಿಸಿ ನಿಲ್ಲಿಸಿದ ಮೇಲೂ ಅಲುಗುತ್ತದೆ.

ಅವನು ಒಳ್ಳೆಯ ಕೆಲಸಗಾರನೆಂದು ಫರ್ನಿಚರ್ ಅಂಗಡಿಯ ಯಜಮಾನ ಕಂಡವರಿಗೆಲ್ಲ ಹೇಳಿದ. ಸಂಬಳ ಸರಿಯಾಗಿ ಬಂತು, ದೋಣಿಯಲ್ಲಿ ಬರುತ್ತಿದ್ದುದಕ್ಕಿಂತ ಹೆಚ್ಚೇ ಬಂತು. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದ. ದಿನಾ ಸಂಜೆ ಅಂಗಡಿಗೆ ಬಂದು ಚಿಕ್ಕಮ್ಮನ ಸೂಜಿಗಳಿಗೆಲ್ಲ ದಾರ ಪೋಣಿಸಿ ಇಟ್ಟು ಹೋಗುತ್ತಿದ್ದ. ಒಂದು ದಿನವೂ ಗೊಣಗಲಿಲ್ಲ.

"ಕೆಲಸ ಹೇಗಿತ್ತು?" ಎನ್ನುವಳು ಅವಳು.

"ಆಯ್ತು."

"ಏನು ಮಾಡಿದೆ ಇವತ್ತು?"

"ಕಪಾಟು."

ಅಷ್ಟೇ. ಮರುದಿನವೂ ಅಷ್ಟೇ. ಮೊದಮೊದಲು ದಣಿವು ಎಂದುಕೊಂಡಳು. ಮಳೆಗಾಲ ಬಂತು, ಹೋಯಿತು. ಮಾತು ಮಾತ್ರ ಬರಲಿಲ್ಲ. ಸಿಟ್ಟಿನ ಮೌನವಾಗಿದ್ದರೆ ಜಗಳವಾಡಬಹುದಿತ್ತು. ಇದು ಹಾಗಿರಲಿಲ್ಲ. ಹೇಳಲು ಅವನ ಬಳಿ ಏನೂ ಇರಲಿಲ್ಲ.

"ಅವನ ಸಂಬಳ ಜಾಸ್ತಿ ಆಗಿದೆ, ಬೇರೆ ಎಲ್ಲ ಕಮ್ಮಿ ಆಗಿದೆ," ಎಂದಳು ಚಿಕ್ಕಮ್ಮ ಒಂದು ಬೆಳಿಗ್ಗೆ. "ನಿಂಗೆ ಕಾಣಿಸ್ತಿದೆಯೋ, ನನ್ನ ಹಾಗೆ ನಿನಗೂ ಕಣ್ಣು ಹೋಯ್ತೋ?"

"ಕಾಣಿಸ್ತಿದೆ."

"ಮತ್ತೆ?"

"ಮತ್ತೆ ಏನು ಚಿಕ್ಕಮ್ಮಾ? ನಾನು ಹೋದ್ರೆ ನೀನು?"

ಚಿಕ್ಕಮ್ಮ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ನನಗೆ ಕಷ್ಟ ಆಗುತ್ತೆ," ಎಂದಳು. "ಆಗಲ್ಲ ಅಂತ ಸುಳ್ಳು ಹೇಳಲ್ಲ. ಕೆಲಸಕ್ಕೆ ಯಾರನ್ನಾದ್ರೂ ಇಟ್ಕೋತೀನಿ. ಅವರ ಮೇಲೆ ದಿನಾ ಕೂಗಾಡ್ತೀನಿ. ಆದ್ರೆ ನನ್ನ ನೆಪ ಹೇಳಿ ಅವನನ್ನ ಕಪಾಟೊಳಗೆ ಮುಚ್ಚಿಡಬೇಡ."

ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಫರ್ನಿಚರ್ ಅಂಗಡಿಯ ಹಿಂಬಾಗಿಲಿಗೆ ಹೋದಳು. ಗರಗಸದ ಯಂತ್ರ ಕಿರುಚುತ್ತಿತ್ತು. ಮರದ ಪುಡಿ ಅದುಮಿ ಮಾಡಿದ ಹಲಗೆಗಳು ಗೋಡೆಯುದ್ದಕ್ಕೂ ಒರಗಿದ್ದವು. ಒಂದೇ ಬಣ್ಣ, ಒಂದೇ ಅಳತೆ. ಅವನು ಬಾಗಿಲಿಗೆ ಸ್ಕ್ರೂ ತಿರುಗಿಸುತ್ತಿದ್ದ. ಅವಳನ್ನು ಕಂಡು ಗಾಬರಿಯಿಂದ ಎದ್ದ.

"ಏನಾಯ್ತು? ಚಿಕ್ಕಮ್ಮ...?"

"ಚೆನ್ನಾಗಿದಾಳೆ. ಬಾ, ಹೊರಗೆ."

ಇಬ್ಬರೂ ಹಲಗೆಯ ರಾಶಿಯ ಮೇಲೆ ಕೂತರು.

"ಈ ಮರ ನೀರು ಕುಡಿದ್ರೆ ಏನಾಗುತ್ತೆ?" ಎಂದಳು ಅವಳು.

"ಇದಾ? ಇದು ಮರವೇ ಅಲ್ಲ. ಉಬ್ಬಿ, ಪುಡಿಪುಡಿಯಾಗಿ ಉದುರಿಹೋಗುತ್ತೆ. ನಮ್ಮ ಕಡೆ ಮರ ಇದ್ಯಲ್ಲ, ಅದು..." ಎಂದು ಶುರುಮಾಡಿದವನು ತಟ್ಟನೆ ನಿಲ್ಲಿಸಿದ.

"ನಿಲ್ಲಿಸಬೇಡ," ಎಂದಳು. "ಹೇಳು. ಅದು?"

ಅವನು ತಲೆ ತಗ್ಗಿಸಿದ.

"ಕೇಳು. ನಾನು ಲೆಕ್ಕ ಹಾಕಿದ್ದೀನಿ. ಬಟ್ಟೆ ಬಸ್ಸಲ್ಲಿ ಹೋಗುತ್ತೆ. ಇಲ್ಲಿನ ಕೆಲಸ ಒಂದಷ್ಟು ಅಲ್ಲಿಗೆ ತರಿಸ್ಕೊಂಡು ಹೊಲೀಬಹುದು. ನಿನ್ನ ದೋಣಿ ಬಸ್ಸಲ್ಲಿ ಬರುತ್ತಾ?"

"ನಿನ್ನ ಅಂಗಡಿ? ಹದಿನಾಲ್ಕು ವರ್ಷದ ಗಿರಾಕಿಗಳು?"

"ಅರ್ಧ ಹೋಗ್ತಾರೆ."

"ನನಗೋಸ್ಕರ ಅಷ್ಟೆಲ್ಲ ಬಿಡಬೇಡ. ಆಮೇಲೆ ಒಂದು ದಿನ ನನ್ನ ಮುಖಕ್ಕೇ ಎಸೀತೀಯ."

"ಎಸೆದ್ರೆ ಎಸೆದೆ. ನೀನು ಮೊದಲ ದಿನಾನೇ ನನ್ನ ಮೇಲೆ ಮೂಟೆ ಎಸೆದವನಲ್ವಾ?"

ಅವನಿಗೆ ನಗು ಬಂತು. ಅವಳು ಅವನ ಕೈ ಹಿಡಿದಳು. ಬೆರಳಿಗೆಲ್ಲ ಅಂಟು ಮೆತ್ತಿತ್ತು.

"ಅವತ್ತು ನೀನು ಬಾ ಅಂತ ಕರೆದಿದ್ರೆ ಬರ್ತಿರಲಿಲ್ಲ," ಎಂದಳು. "ಕರೆಯೋನ ಹಿಂದೆ ಹೋಗೋದು ಬೇರೆ. ನೀನು ಎಲ್ಲ ಬಿಟ್ಟು ಇಲ್ಲಿಗೇ ಬಂದೆ. ಬಂದು ಇದ್ದು ತೋರಿಸಿದೆ. ಈಗ ನಾನು ಹೋಗಬಹುದು. ಯಾರೂ ನನ್ನನ್ನ ಎಳ್ಕೊಂಡು ಹೋಗ್ತಿಲ್ಲ."

ಅವನು ಇನ್ನೊಂದು ಕೈಯ ಅಂಟನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ, "ಮೇಜು ಮತ್ತೆ ಬಿಚ್ಚಬೇಕಲ್ಲ," ಎಂದ.

"ಬಿಚ್ಚು. ಮೊಳೆ ಇಲ್ಲ ಅಂತ ಜಂಬ ಕೊಚ್ಚಿಕೊಂಡ್ಯಲ್ಲ!"

* * *

ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು. ಸಾಕ್ಷಿಗೆ ಚಿಕ್ಕಮ್ಮ, ಫರ್ನಿಚರ್ ಅಂಗಡಿಯ ಯಜಮಾನ ಮತ್ತು ಅವನ ಅಪ್ಪ. ಅಪ್ಪ ಮಗನೊಡನೆ ಮಾತು ಶುರುಮಾಡಿದ್ದು ಅವತ್ತೇ. ಆಡಿದ ಮೊದಲ ಮಾತು, "ಪೆನ್ನು ಕೊಡು."

ಈಗ ಅವಳು ಕೊಟ್ಟಿಗೆಯ ಕಿಟಕಿಯ ಬಳಿ ಹೊಲಿಯುತ್ತಾಳೆ. ಮೊದಲ ವರ್ಷ ಅವಳಿಗೆ ಆ ಊರಿನ ಸದ್ದಿಲ್ಲದ ಮಧ್ಯಾಹ್ನಗಳು ಹಿಡಿಸಲಿಲ್ಲ. ದಾರ ಮುಗಿದರೆ ಬೆಳಗಿನ ಬಸ್ಸಿಗೆ ಕಾಯಬೇಕೆಂಬುದಕ್ಕೆ ಎಷ್ಟೋ ಸಲ ಸಿಡುಕಿದಳು. ಒಂದು ಸಲ ಬಸ್ ನಿಲ್ದಾಣದ ಗದ್ದಲ ನೆನೆದು ಅತ್ತೂಬಿಟ್ಟಳು. ಗದ್ದಲಕ್ಕೆ ಯಾರಾದರೂ ಅಳುತ್ತಾರೆಯೇ? ಅಳುತ್ತಾರೆ.

"ಪಶ್ಚಾತ್ತಾಪ ಇದೆಯಾ?" ಎಂದ ಅವನು ಒಂದು ಸಂಜೆ, ಹೊಸ ದೋಣಿಯ ಹಲಗೆಗೆ ಎಣ್ಣೆ ಹಚ್ಚುತ್ತ.

"ಕೆಲವು ದಿನ ಇರುತ್ತೆ."

"ಇವತ್ತು?"

"ಇವತ್ತು ಇಲ್ಲ. ಬೆಳಿಗ್ಗೆಯಿಂದ ನಿನ್ನ ಬಾಯಿ ಮುಚ್ಚಿಸೋದ್ರಲ್ಲೇ ಹೊತ್ತು ಹೋಯ್ತು, ಅದಕ್ಕೆಲ್ಲ ಪುರುಸೊತ್ತೆಲ್ಲಿ?"

"ಮುಚ್ಚಲಾ?"

"ಬೇಡ," ಎಂದಳು ಮೆಲ್ಲಗೆ. "ಹೇಳು... ಆ ಹಲಗೆ ಬಗ್ಗಿಸೋವಾಗ ಏನಾಯ್ತು ಅಂದೆ?"

ಅವಳ ಗಳಿಕೆ ಪಟ್ಟಣದಲ್ಲಿದ್ದುದರ ಅರ್ಧಕ್ಕೆ ಇಳಿಯಿತು. ಬೆನ್ನುನೋವು ಹೋಯಿತು. ಅಂಗಡಿಯ ನಾಮಫಲಕದ ಮೇಲಿದ್ದ ಅವಳ ಹೆಸರು ಅಳಿಸಿ ಚಿಕ್ಕಮ್ಮ ಕೆಲಸಕ್ಕೆ ಇಟ್ಟುಕೊಂಡವಳ ಹೆಸರು ಬಂತು. ಹಗಲೆಲ್ಲ ಚಿಕ್ಕಮ್ಮನ ಕುಹಕ ಕೇಳುತ್ತ ಕೆಲಸ ಮಾಡುವ ಸುಖ ತಪ್ಪಿತು. ತಿಂಗಳಿಗೊಮ್ಮೆ ಹೋಗಿ ಬಂದರೂ ಅದು ತುಂಬಲಿಲ್ಲ. ತಾನು ಬೇಕೆಂದ ಮನುಷ್ಯ ಇಡಿಯಾಗಿ ಸಿಕ್ಕಿದ.